ಬಾಯಲ್ಲಿ ಎಲೆಅಡಿಕೆ ಕವಳ ಇಟ್ಟುಕೊಂಡು 'ಹೂಂ' ಅಂದರೆ ಅದು ಮಾತಾ? ತೋಟದ ಕರಾರು ರದ್ದು ಮಾಡಬಹುದಾ?

ಅಚ್ಚುಮೊಳೆ ಕೇಳಿದ್ದು:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ವೈಕುಂಠ ಸಮಾರಾಧನೆ ಕಾರ್ಡು, ಚುನಾವಣೆ ಬಂದರೆ ಕರಪತ್ರ. ಅಜ್ಜನ ತೋಟ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ಅಪ್ಪ ಇರುವವರೆಗೆ ಪ್ರತಿ ಬೇಸಿಗೆ ನೀರು ಇಳಿದಾಗ ಹೋಗಿ, ದಡದಲ್ಲಿ ನಿಂತು, "ಅಗೋ, ಅಲ್ಲಿ" ಅಂತ ಕೈ ತೋರಿಸಿ ಬರುತ್ತಿದ್ದರು. ಹಾಗಾಗಿ ನನಗೆ ತೋಟ ಅಂದರೆ ಆಸೆಗಿಂತ ಹುಚ್ಚು ಅನ್ನಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಚ್ಚಿದ್ದವನು ತೋಟ ನೋಡೋಕೆ ಹೋದರೆ ಮರದ ಮೇಲಿನ ಅಡಿಕೆ ಕೊನೆ ನೋಡುತ್ತಾನೆ, ಬುಡ ನೋಡಲ್ಲ.

ಕಳೆದ ದೀಪಾವಳಿ ಆದಮೇಲೆ ಹೊಸನಗರ ತಾಲ್ಲೂಕಿನಲ್ಲಿ ಒಂದು ಅಡಿಕೆ ತೋಟಕ್ಕೆ ಕರಾರು ಮಾಡಿಕೊಂಡೆ. ಊರು, ಹೆಸರು ಬೇಡ. ಒಟ್ಟು 38 ಲಕ್ಷ. 8 ಲಕ್ಷ ಮುಂಗಡ ಬ್ಯಾಂಕಿನಿಂದಲೇ ಹಾಕಿದ್ದೇನೆ. ಆರು ತಿಂಗಳೊಳಗೆ ರಿಜಿಸ್ಟ್ರೇಶನ್. ತೋಟ ಇನ್ನೂ ಅವರ ಕೈಯಲ್ಲೇ ಇದೆ, ಈ ವರ್ಷದ ಕೊಯ್ಲೂ ಅವರದೇ.

ನೋಡೋಕೆ ಹೋದ ದಿನ ನಾನು, ನನ್ನ ಭಾಮೈದ ಇಬ್ಬರೂ ಬಸ್ಸಿನಲ್ಲಿ ಹೋಗಿದ್ದೆವು. ಯಜಮಾನರು ಚೆನ್ನಾಗಿಯೇ ನೋಡಿಕೊಂಡರು. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು, ಹಂಡೆಯಲ್ಲಿ ಬೇಯುತ್ತಿತ್ತು. ಚೊಗರಿನ ವಾಸನೆಗೇ ನಾನು ಅರ್ಧ ಸೋತುಹೋದೆ.

ಆವತ್ತು ಅವರು ಹೇಳಿದ್ದು ಮೂರು ವಿಷಯ. ಮೊದಲನೆಯದು, "ವರ್ಷಕ್ಕೆ 18 ಕ್ವಿಂಟಾಲಿಗೆ ಮೋಸ ಇಲ್ಲ." ಆಮೇಲೆ ಬೇಲಿ ಸುತ್ತ ನಡೆಸಿ, "ಇಷ್ಟೂ ನಮ್ದೇ, ಎಕರೆ ಮೂವತ್ತು ಗುಂಟೆ." ಪಹಣಿಯಲ್ಲಿ 1 ಎಕರೆ 18 ಗುಂಟೆ ಅಂತಿತ್ತು. ಕೇಳಿದೆ. "ಉಳಿದ ಹನ್ನೆರಡು ಗುಂಟೆ ಖರಾಬು, ಅದೂ ಇದೇ ನಂಬರಿಗೆ ಸೇರಿದ್ದು" ಅಂದರು. ಖರಾಬು ಅಂದರೆ ಸಾಗುವಳಿಗೆ ಬರಲ್ಲ ಅಂತ ಬಿಟ್ಟ ಜಾಗ.

ಕೊನೆಗೆ ಬಾವಿ. ಕಲ್ಲು ಕಟ್ಟಿದ ಹಳೇ ಬಾವಿ. ಕಾರ್ತಿಕದಲ್ಲಿ ನೀರು ಎಷ್ಟಿತ್ತು ಅಂದರೆ ಬಗ್ಗಿ ಕೈ ತೊಳೆಯಬಹುದಿತ್ತು. "ಬೇಸಿಗೆಗೆ ಹೆಂಗೆ ಯಜಮಾನ್ರೆ?" ಅಂದೆ. "ನಮ್ಮಪ್ಪನ ಕಾಲದಿಂದ ಮನೆಗೂ ತೋಟಕ್ಕೂ ಇದೇ ನೀರು" ಅಂದರು. ಅದು ನನ್ನ ಪ್ರಶ್ನೆಗೆ ಉತ್ತರ ಅಲ್ಲ ಅಂತ ಈಗ ಹೊಳೆಯುತ್ತೆ. ಆಗ ಹೊಳೆಯಲಿಲ್ಲ. ಆದರೂ ನಾನು ಇನ್ನೊಂದು ಮಾತು ಅಂದೆ: "ಹಂಗಾದ್ರೆ ಮೇ ತಿಂಗಳಲ್ಲೂ ಬತ್ತಲ್ಲ ಅಂತ ಅಂದ್ಕೊಂಡೇ ದುಡ್ಡು ಹಾಕ್ತಿದೀನಿ, ಅಲ್ವಾ?" ಅಷ್ಟರಲ್ಲಿ ಅವರು ಕವಳ ಹಾಕಿಕೊಂಡಿದ್ದರು. ತಲೆ ಆಡಿಸಿ "ಹೂಂ" ಅಂದರು. ಜೊತೆಗೆ ಇನ್ನೇನೋ ಅಂದರು, ಕವಳದ ಬಾಯಿ, ಸರಿಯಾಗಿ ಕೇಳಲಿಲ್ಲ. ಹೊರಡುವಾಗ ಒಂದು ಬಾಳೆಗೊನೆ ಕಟ್ಟಿ ಕೊಟ್ಟರು.

ಶಿವರಾತ್ರಿ ಮಾರನೇ ದಿನ ಹೇಳದೆ ಕೇಳದೆ ಹೋದೆ. ಮನೆಯವರು ಇರಲಿಲ್ಲ. ಬಾವಿಯಲ್ಲಿ ಪಂಪಿನ ಪೈಪಿನ ತುದಿಯ ಫುಟ್‌ವಾಲ್ವ್ ಗಾಳಿಯಲ್ಲಿ ನೇತಾಡುತ್ತಿತ್ತು. ಕೆಳಗೆ ಮೊಣಕಾಲುದ್ದ ಕೆಂಪು ನೀರು. ಅದರಲ್ಲೊಂದು ಒಡೆದ ಪ್ಲಾಸ್ಟಿಕ್ ಕೊಡ ಅಡ್ಡ ಬಿದ್ದಿತ್ತು. ಕಳೆ ತೆಗೆಯುತ್ತಿದ್ದ ಆಳು ಹೇಳಿದ, "ಹೋಳಿ ಹುಣ್ಣಿಮೆ ಹೊತ್ತಿಗೆ ಪೂರಾ ತಳ ಕಾಣ್ತದೆ ಅಯ್ಯ. ಪ್ರತಿ ವರ್ಷ ಆಮೇಲೆ ಹಳ್ಳದಿಂದ ಎತ್ತೋದೇ." ನೋಡಿದರೆ ದರಗಿನ (ಒಣಎಲೆ) ಅಡಿಯಲ್ಲಿ ಕಪ್ಪು ಪೈಪು ಹಳ್ಳದ ತನಕ ಎಳೆದಿದೆ. ಖರಾಬು ಕೇಳಿದೆ. ಅವನು ನಕ್ಕ. "ಅದು ಸೊಪ್ಪಿನಬೆಟ್ಟ ಅಲ್ವಾ? ಐದು ವರ್ಷದ ಹಿಂದೆ ಒಡೇರು ನನ್ ಕೈಲೇ ಸಸಿ ಇಡಿಸಿದ್ದು." ಸೊಪ್ಪಿನಬೆಟ್ಟ ಅಂದರೆ ತೋಟಕ್ಕೆ ಸೊಪ್ಪು ತರುವ ಸರ್ಕಾರಿ ಜಾಗ. ಇಳುವರಿ 11 ಕ್ವಿಂಟಾಲ್ ದಾಟಿದ್ದಿಲ್ಲ ಅಂತ ಆಮೇಲೆ ಅವರ ಕಡೆಯವರಿಂದಲೇ ತಿಳಿಯಿತು.

ಯಜಮಾನರಿಗೆ ಫೋನ್ ಮಾಡಿದರೆ, "ಪಹಣಿ ನೀವೇ ನೋಡಿದೀರಿ, ಬಾವಿ ನೀವೇ ಬಗ್ಗಿ ನೋಡಿದೀರಿ. ಬತ್ತಲ್ಲ ಅಂತ ನಾನು ಯಾವಾಗ ಹೇಳ್ದೆ?" ಅಂತಾರೆ. ಕರಾರಿನಲ್ಲಿ "ಸ್ವತ್ತನ್ನು ಖುದ್ದಾಗಿ ಪರಿಶೀಲಿಸಿ ತೃಪ್ತರಾಗಿ" ಅಂತ ಒಂದು ಸಾಲು ಇದೆ. ಖರೀದಿದಾರ ಹಿಂದೆ ಸರಿದರೆ ಮುಂಗಡ ಮುಟ್ಟುಗೋಲು ಅಂತ ಇನ್ನೊಂದು.

ಆ 'ಹೂಂ'ಗೆ ಬೆಲೆ ಇದೆಯಾ? ನಾನು ಸರಿಯಾಗಿ ವಿಚಾರಿಸದೆ ಹೋಗಿದ್ದಕ್ಕೆ 8 ಲಕ್ಷ ಬಿಡಬೇಕಾ?

ಖಾರದಪುಡಿ:

ಇಷ್ಟೆಲ್ಲ ಯಾಕೆ ಸಾರ್. ಠಾಣೆಗೆ ಹೋಗಿ ವಂಚನೆ ಕೇಸು ಹಾಕಿ. ಎರಡು ದಿನದಲ್ಲಿ ದುಡ್ಡು ಮನೆ ಬಾಗಿಲಿಗೆ.

ಚೇಣಿದಾರ_ರಿಪ್ಪನ್‌ಪೇಟೆ:

ಅಣ್ಣಾ, ಬೈತಿಲ್ಲ, ಆದರೆ ಕಾರ್ತಿಕದಲ್ಲಿ ಮಲೆನಾಡಿನ ಬಾವಿ ನೋಡಿ ತೋಟ ತಗೊಳ್ಳೋದು ಮದುವೆ ದಿನ ಹುಡುಗನ್ನ ನೋಡಿ ಹೆಣ್ಣು ಕೊಟ್ಟ ಹಾಗೆ. ಆವತ್ತು ಎಲ್ಲರೂ ಸ್ನಾನ ಮಾಡಿರ್ತಾರೆ.

ನಾನು ಇಪ್ಪತ್ತು ವರ್ಷದಿಂದ ಚೇಣಿ ಮಾಡುತ್ತಿದ್ದೇನೆ. ಮರದ ಮೇಲಿನ ಫಸಲು ನೋಡಿ ಆ ವರ್ಷದ ಮಟ್ಟಿಗೆ ರೇಟು ಕಟ್ಟೋದು ನಮ್ಮ ಕೆಲಸ. ಯಜಮಾನರು ಏನು ಬೇಕಾದರೂ ಹೇಳಲಿ, 18 ಅನ್ನಲಿ, 25 ಅನ್ನಲಿ. ನಾವು ಸಾಲು ಸಾಲು ನಡೆದು ಕತ್ತು ನೋಯುವ ತನಕ ಮೇಲೆ ನೋಡಿ ಕೊನೆ ಎಣಿಸುತ್ತೇವೆ. ಕೆಳಗೆ ಉದುರಿದ ಕಾಯಿ ಒಡೆದು ನೋಡುತ್ತೇವೆ, ಕೊಳೆ ಬಂದಿದೆಯಾ, ಮೈಲುತುತ್ತ ಎಷ್ಟು ಸಲ ಹೊಡೆದಿದ್ದಾರೆ ಅಂತ. ಆಮೇಲೆ ಲೆಕ್ಕ ತಪ್ಪಿದರೆ ಯಜಮಾನರ ಮನೆಗೆ ಹೋಗಿ ಅಳೋಕೆ ಬರಲ್ಲ. ನಮ್ಮ ಕಣ್ಣು, ನಮ್ಮ ನಷ್ಟ. ಹಾಗಾಗಿ ಇಳುವರಿ ವಿಷಯ ನೀವು ಬಿಟ್ಟುಬಿಡೋದು ಒಳ್ಳೆಯದು ಅನಿಸುತ್ತೆ. ಬಾವಿ ವಿಷಯ ಮಾತ್ರ ಅನ್ಯಾಯ. ಆದರೂ ಪಕ್ಕದ ತೋಟದವರ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದಿದ್ದರೆ ಎಲ್ಲ ಹೇಳುತ್ತಿದ್ದರು.

ಕೋರ್ಟು_ಕ್ಯಾಂಟೀನ್:

ಕಪ್ಪು ಕೋಟು ಬಿಚ್ಚಿಟ್ಟು ಆರು ವರ್ಷ ಆಯ್ತು. ಆದರೂ ಈ 'ಹೂಂ' ನೋಡಿ ಸುಮ್ನೆ ಇರೋಕೆ ಆಗಲಿಲ್ಲ.

ಮೊದಲು ಖಾರದಪುಡಿಯವರಿಗೆ: ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಇದೆ, ನಿಜ. ಆದರೆ ಮೊದಲ ದಿನದಿಂದಲೇ ಮೋಸ ಮಾಡುವ ಉದ್ದೇಶ ಇತ್ತು ಅಂತ ತೋರಿಸಬೇಕು. ದುಡ್ಡು ವಸೂಲಿಗೆ ಪೊಲೀಸರನ್ನು ಬಳಸಬೇಡಿ ಅಂತ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಇದು ಸಿವಿಲ್ ವಿಷಯ, ಸಿವಿಲ್ ಆಗಿಯೇ ನೋಡೋಣ.

ಕರಾರು ಕಾಯ್ದೆ 1872ರದ್ದು. ಅದರಲ್ಲಿ ಸುಳ್ಳಿಗೆ ಎರಡು ಮನೆ. ಸೆಕ್ಷನ್ 17 ಮೋಸ, 18 ತಪ್ಪು ನಿರೂಪಣೆ. ಸುಳ್ಳು ಅಂತ ಗೊತ್ತಿದ್ದೂ ಹೇಳಿದರೆ, ಅಥವಾ ಗೊತ್ತಿದ್ದದ್ದನ್ನು ಬೇಕಂತಲೇ ಮುಚ್ಚಿಟ್ಟರೆ ಮೋಸ. ಹೇಳುವವನು ತಾನೂ ನಿಜ ಅಂತಲೇ ನಂಬಿದ್ದ, ಆದರೆ ಅಷ್ಟು ಖಂಡಿತವಾಗಿ ಹೇಳೋಕೆ ಅವನ ಹತ್ತಿರ ಆಧಾರ ಇರಲಿಲ್ಲ ಅಂದರೆ ತಪ್ಪು ನಿರೂಪಣೆ. ಎರಡರಲ್ಲೂ ಸೆಕ್ಷನ್ 19 ನಿಮ್ಮ ಕಡೆಗಿದೆ. ಬೇಡ ಅಂದರೆ ಕರಾರು ಬಿದ್ದುಹೋಗುತ್ತೆ. ಬೇಕು ಅಂದರೆ, ಹೇಳಿದ್ದು ನಿಜವಾಗಿದ್ದರೆ ನೀವು ಎಲ್ಲಿರುತ್ತಿದ್ದಿರೋ ಅಲ್ಲಿಗೆ ತಂದು ನಿಲ್ಲಿಸಿ ಅಂತ ಕೇಳಬಹುದು.

ಫಲ ಒಂದೇ ಆದರೆ ಎರಡು ಮನೆ ಯಾಕೆ? ಸೆಕ್ಷನ್ 19ಕ್ಕೆ ಒಂದು ಬಾಲ ಇದೆ, ಅದಕ್ಕೆ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ನಿಜ ತಿಳಿಯುತ್ತಿತ್ತು ಅನ್ನೋ ಹಾಗಿದ್ದರೆ ರದ್ದು ಮಾಡೋಕೆ ಬರಲ್ಲ ಅನ್ನುತ್ತೆ ಆ ಬಾಲ. ನಿಮ್ಮ ಯಜಮಾನರು "ನೀವೇ ನೋಡಿದೀರಿ" ಅಂತಾರಲ್ಲ, ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ಬಾಲ ಹಿಡಿದುಕೊಂಡಿದ್ದಾರೆ. ಆದರೆ ಅದು ಅಂಟೋದು ತಪ್ಪು ನಿರೂಪಣೆಗೆ, ಮತ್ತೆ ಬಾಯಿ ಮುಚ್ಚಿಕೊಂಡು ಮಾಡಿದ ಮೋಸಕ್ಕೆ. ಗೊತ್ತಿದ್ದೂ ಬಾಯಿಬಿಟ್ಟು ಹೇಳಿದ ಸುಳ್ಳಿಗೆ ಅಂಟಲ್ಲ. ನಿಮ್ಮ ಕೇಸೆಲ್ಲ ಇರೋದು ಈ ಗೆರೆ ಮೇಲೆ.

ಹನ್ನೆರಡು ಗುಂಟೆ ಸುಲಭ. ತಾನೇ ಆಳು ಬಿಟ್ಟು ಸೊಪ್ಪಿನಬೆಟ್ಟಕ್ಕೆ ಸಸಿ ಇಡಿಸಿದವರು "ಖರಾಬು ನಮ್ಮದೇ" ಅಂದರೆ ಅದು ಮರೆವಲ್ಲ. ನೀವು ಪಹಣಿ ನೋಡಿ, ಅನುಮಾನ ಬಂದು, ಕೇಳಿಯೂ ಕೇಳಿದಿರಿ. ಆ ಪ್ರಶ್ನೆಗೇ ಸುಳ್ಳು ಉತ್ತರ ಬಂತು.

ಇಳುವರಿಯಲ್ಲಿ ಚೇಣಿದಾರರ ಮಾತು ಅರ್ಧ ಸರಿ. ಅಂದಾಜು ಸುಳ್ಳಾಗಲ್ಲ. 1927ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅನ್ನೋ ಮೇಲಿನ ಕೋರ್ಟಿನ ಮುಂದೆ ನ್ಯೂಜಿಲೆಂಡಿನ ಒಂದು ಜಮೀನಿನ ಕೇಸು ಬಂತು, ಬಿಸೆಟ್ ವಿರುದ್ಧ ವಿಲ್ಕಿನ್ಸನ್. ಇಲ್ಲಿ ಎರಡು ಸಾವಿರ ಕುರಿ ಮೇಯುತ್ತವೆ ಅಂತ ಮಾರುವವನು ಹೇಳಿದ್ದ. ಮೇಯಲಿಲ್ಲ. ಆದರೆ ಆ ಜಾಗದಲ್ಲಿ ಅವನು ಕುರಿ ಸಾಕಿದವನೇ ಅಲ್ಲ, ಅದು ಕೊಳ್ಳುವವನಿಗೂ ಗೊತ್ತಿತ್ತು. ಹಾಗಾಗಿ ಬರೀ ಅಭಿಪ್ರಾಯ, ಕೇಸು ಬಿತ್ತು. ನಿಮ್ಮ ಯಜಮಾನರು ವರ್ಷಾ ವರ್ಷ ಮಂಡಿಗೆ ಮೂಟೆ ಹಾಕಿದವರು. ಹನ್ನೊಂದು ತೂಗಿದ್ದು ಗೊತ್ತಿದ್ದೂ ಹದಿನೆಂಟು ಅಂದರೆ ಅದು ಅಂದಾಜಲ್ಲ. "ಮೋಸ ಇಲ್ಲ" ಅಂತ ಬೇರೆ ಅಂದಿದ್ದಾರೆ ಪಾಪ. ಆದರೂ ಒಂದು ಕೇಳಬೇಕು: ಕರಾರಿಗೆ ಮುಂಚೆ ಮಂಡಿ ಪಟ್ಟಿ, ಅಂದರೆ ಮಂಡಿಯವರು ತೂಕ ಬರೆದು ಕೊಡುವ ಚೀಟಿ, ಏನಾದರೂ ತೋರಿಸಿದ್ದರಾ? ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ಬಾವಿ. ಸುಮ್ಮನಿರೋದು ಮಾಮೂಲಾಗಿ ಮೋಸ ಅಲ್ಲ. ಕಾಯ್ದೆಯಲ್ಲೇ ಕುದುರೆಯ ಉದಾಹರಣೆ ಇದೆ. ಕುದುರೆಗೆ ರೋಗ ಅಂತ ಗೊತ್ತಿದ್ದೂ ಮಾರುವವನು ಏನೂ ಹೇಳದೆ ಹರಾಜಿನಲ್ಲಿ ಮಾರಿದರೆ ಮೋಸ ಅಲ್ಲ. ಆದರೆ ಅದೇ ಕುದುರೆಯನ್ನು ಇಟ್ಟುಕೊಂಡು ಮುಂದಕ್ಕೆ ಇನ್ನೊಂದು ಮಾತು ಹೇಳಿದ್ದಾರೆ. ಕೊಳ್ಳುವವನು "ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿ ಇದೆ ಅಂತ ತಿಳಿದುಕೊಳ್ಳುತ್ತೇನೆ" ಅಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಬಾವಿ ಕಟ್ಟೆ ಮೇಲೆ ನೀವು ಅಂದಿದ್ದನ್ನು ಇನ್ನೊಂದು ಸಲ ಓದಿಕೊಳ್ಳಿ. 150 ವರ್ಷದ ಹಿಂದಿನ ಕುದುರೆ ನಿಮ್ಮ ಬಾವಿಯಲ್ಲಿ ನೀರು ಕುಡಿಯುತ್ತಿದೆ.

ಜಮೀನಿಗೆ ಇದಕ್ಕಿಂತ ಗಟ್ಟಿ ನಿಯಮವೂ ಇದೆ. ಸ್ವತ್ತು ವರ್ಗಾವಣೆ ಕಾಯ್ದೆ 1882, ಸೆಕ್ಷನ್ 55. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯವಾಗಿ ನೋಡಿದರೂ ಕಾಣದ ದೊಡ್ಡ ಐಬು ಇದ್ದರೆ ಮಾರುವವನೇ ಹೇಳಬೇಕು. ಹೇಳದಿದ್ದರೆ ಅದು ಮೋಸ ಅಂತ ಆ ಸೆಕ್ಷನ್ನೇ ಹೇಳುತ್ತೆ. ತೋಟಕ್ಕೆ ಬೇಸಿಗೆ ನೀರಿಲ್ಲದಿರೋದು ದೊಡ್ಡ ಐಬು. ಕಾರ್ತಿಕದಲ್ಲಿ ಅದು ಕಣ್ಣಿಗೆ ಕಾಣಲ್ಲ.

ಆದರೆ ಎದುರು ಪಕ್ಷದ ವಕೀಲ ಚೇಣಿದಾರರ ಆ ಮಜ್ಜಿಗೆ ಲೋಟವನ್ನೇ ನಿಮ್ಮ ಮುಂದೆ ಇಡುತ್ತಾನೆ. ಪಕ್ಕದ ಮನೆಯಲ್ಲಿ ಕೇಳಿದ್ದರೆ ತಿಳಿಯುತ್ತಿತ್ತಲ್ಲ ಅಂತ. ಬರೀ 'ಹೂಂ' ಇದ್ದರೆ ಅಲ್ಲಿ ಸ್ವಲ್ಪ ಜಗ್ಗಾಟ ಇದೆ. ಅವರು ಗೊಣಗಿದ್ದು ಏನು ಅಂತ ನೆನಪು ಮಾಡಿಕೊಳ್ಳಿ.

'ಖುದ್ದಾಗಿ ಪರಿಶೀಲಿಸಿ' ಸಾಲು ಎಲ್ಲ ಕರಾರಿನಲ್ಲೂ ಇರುತ್ತೆ, ಮೋಸಕ್ಕೆ ಅದು ಕೊಡೆ ಹಿಡಿಯಲ್ಲ. ಮುಟ್ಟುಗೋಲು ಸಾಲಿಗೂ ಹೆದರಬೇಡಿ. ಕರಾರು ಮುರಿದವನಿಗೆ ಅದು. ಮೋಸಕ್ಕೆ ಸಿಕ್ಕಿ ರದ್ದು ಮಾಡುವವನು ಮುರಿದ ಹಾಗಲ್ಲ. ಸರಿಯಾದ ಕಾರಣಕ್ಕೆ ತೋಟ ಬೇಡ ಅಂದರೆ ನಿಮ್ಮ ಮುಂಗಡಕ್ಕೆ ಆ ಜಮೀನಿನ ಮೇಲೇ ಹಕ್ಕು ನಿಲ್ಲುತ್ತೆ. ಅದೂ ಸೆಕ್ಷನ್ 55ರಲ್ಲೇ ಇದೆ.

ಸರಪಳಿ_ಅಳತೆ:

ನಾನು ಸರ್ವೆ ಕೆಲಸದವಳು. ಕಾನೂನು ಮೇಲಿನವರು ಹೇಳಿದ್ದಾರೆ, ನಾನು ನೆಲದ್ದು ಹೇಳುತ್ತೇನೆ.

ಸೊಪ್ಪಿನಬೆಟ್ಟ ಅಂದರೆ ತೋಟಕ್ಕೆ ಸೊಪ್ಪು, ದರಗು ತರೋಕೆ ಇರುವ ಸೌಲಭ್ಯ. ಜಾಗ ಸರ್ಕಾರದ್ದು. ಅದರಲ್ಲಿ ಅಡಿಕೆ ಹಾಕಿದರೆ ಒತ್ತುವರಿ. ನೀವು ಕೊಂಡರೆ ಒತ್ತುವರಿಯೂ ನಿಮ್ಮ ತಲೆ ಮೇಲೆ. ಖರಾಬು ಎಷ್ಟು ಅಂತ ಪಹಣಿಯಲ್ಲೇ ಬೇರೆ ಬರೆದಿರುತ್ತೆ. ಆಕಾರಬಂದ್ ಅಂದರೆ ಸರ್ವೆಯವರ ವಿಸ್ತೀರ್ಣದ ದಾಖಲೆ, ಅದನ್ನು ತೆಗೆಸಿ ತಾಳೆ ನೋಡಿ. ಅಲ್ಲಿ ಹನ್ನೆರಡು ಗುಂಟೆ ಇಲ್ಲ ಅಂದರೆ ಮಾತು ಮುಗಿಯಿತು. ಹದ್ದುಬಸ್ತು, ಅಂದರೆ ಗಡಿ ಅಳತೆ, ಮಾಡಿಸೋಕೆ ಪಹಣಿಯಲ್ಲಿ ಹೆಸರಿರುವವರೇ ಅರ್ಜಿ ಹಾಕಬೇಕು. ಹಾಕಿ ಅಂತ ಬರವಣಿಗೆಯಲ್ಲಿ ಕೇಳಿ. ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಬಾವಿಯ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ. ಮೊದಲ ಮಳೆ ಬಿದ್ದರೆ ಸಾಕ್ಷಿ ಮುಳುಗಿಹೋಗುತ್ತೆ.

ಅಚ್ಚುಮೊಳೆ:

ಎಲ್ಲರಿಗೂ ಥ್ಯಾಂಕ್ಸ್. ಆಕಾರಬಂದ್ ಸಿಕ್ಕಿತು. ಖರಾಬು ಎರಡೇ ಗುಂಟೆ.

ಒಂದು ವಿಷಯ ಮುಚ್ಚಿಟ್ಟಿದ್ದೆ, ನಾಚಿಕೆಗೆ. ಮಂಡಿ ಪಟ್ಟಿ ತೋರಿಸಿದ್ದರು. ಸುತಳಿ ಕಟ್ಟಿದ ಒಂದು ಕಂತೆ ತಂದು ಮುಂದೆ ಇಟ್ಟು, "ಬೇಕಾದ್ರೆ ನೋಡ್ಕಳಿ" ಅಂದರು. ನಾನು ಮೇಲಿನ ಎರಡು ಚೀಟಿ ನೋಡಿದೆ. ನೋಡಿದ್ದು ತೂಕ ಅಲ್ಲ. ಯಾವ ಪ್ರೆಸ್ಸಿನಲ್ಲಿ ಮಾಡಿಸಿದ್ದಾರೆ ಅಂತ ಅಚ್ಚು ನೋಡುತ್ತಿದ್ದೆ. ಹಾಳು ಚಾಳಿ.

ಇನ್ನೊಂದು, ಭಾಮೈದನ ಫೋನಿನಲ್ಲಿ ಆವತ್ತಿನ ವಿಡಿಯೋ ಸಿಕ್ಕಿದೆ. ನನ್ನ ಮಗಳಿಗೆ ತೋಟ ತೋರಿಸೋಕೆ ಅಂತ ತೆಗೆದಿದ್ದು. ಬಾವಿ ಕಟ್ಟೆ ಮಾತು ಪೂರ್ತಿ ಇದೆ. ಅವರು ಗೊಣಗಿದ್ದು ಹತ್ತು ಸಲ ಹಾಕಿ ಕೇಳಿದೆವು. "ಹೂಂ... ನೀರು ಬತ್ತದೆ." ಅಷ್ಟೇ. ನೀರು ಬರುತ್ತದೆ ಅನ್ನೋದನ್ನೇ ಅವರ ಕಡೆ ಹಾಗೆ ಅನ್ನೋದು. ಅಂದರೆ ಬಾಯಿಬಿಟ್ಟು ಹೇಳಿದ ಹಾಗಾಯ್ತಲ್ಲ? ಆದರೆ ನನ್ನ ಹೆಂಡತಿ ಕೇಳಿ ನಕ್ಕಳು. "ನೀರು ಬತ್ತಿಹೋಗ್ತದೆ ಅಂತ ಅವ್ರು ಸರಿಯಾಗೇ ಹೇಳಿದಾರಲ್ರೀ" ಅಂದಳು. ಆಮೇಲೆ ನಾನು ಊಟ ಮಾಡಲಿಲ್ಲ.

ಈ ಮಧ್ಯೆ ಯಜಮಾನರು ಮೂರು ಲಕ್ಷ ಕಮ್ಮಿ ಮಾಡುತ್ತೇನೆ ಅಂದಿದ್ದಾರೆ. "ನೋಡೋಣ, ರಿಜಿಸ್ಟ್ರೇಶನ್ ಸ್ವಲ್ಪ ಮುಂದೆ ಹಾಕೋಣ" ಅಂತ ವಾಟ್ಸಾಪ್ ಹಾಕಿದೆ. ತಪ್ಪಾಯ್ತಾ? ಮತ್ತೆ ಆ ಬಾಳೆಗೊನೆಯನ್ನೂ ವಾಪಸ್ ಕೊಡಬೇಕಾ?

ಕೋರ್ಟು_ಕ್ಯಾಂಟೀನ್:

ಬಾಳೆಗೊನೆ ಅತಿಥಿಗೆ ಕೊಟ್ಟಿದ್ದು, ಕರಾರಿನ ಲಾಭ ಅಲ್ಲ. ಕರಾರು ಕಾಯ್ದೆಯ ಸೆಕ್ಷನ್ 64ರ ಪ್ರಕಾರ ರದ್ದು ಮಾಡುವವನು ಕರಾರಿನಿಂದ ಪಡೆದದ್ದನ್ನು ವಾಪಸ್ ಕೊಡಬೇಕು. ನೀವು ಪಡೆದದ್ದು ಏನೂ ಇಲ್ಲ. ನಿಶ್ಚಿಂತೆಯಾಗಿರಿ.

ಕಂತೆ ವಿಷಯ. ನಾನು ಕೇಳಿದ್ದು ಇದಕ್ಕೇ. ಸೆಕ್ಷನ್ 19ರ ಕೆಳಗೆ ನೀಲಿ ಕಾರ್ಖಾನೆಯ ಉದಾಹರಣೆ ಇದೆ. ವರ್ಷಕ್ಕೆ 500 ಮಣ ನೀಲಿ ಆಗುತ್ತೆ ಅಂತ ಮಾರುವವನು ನಂಬಿಸುತ್ತಾನೆ. ಕೊಳ್ಳುವವನು ಲೆಕ್ಕದ ಪುಸ್ತಕ ನೋಡುತ್ತಾನೆ, ಅದರಲ್ಲಿ 400 ಅಂತಲೇ ಇದೆ. ಆಮೇಲೂ ಕೊಂಡರೆ ಆ ತಪ್ಪು ನಿರೂಪಣೆ ಹೇಳಿಕೊಂಡು ರದ್ದು ಮಾಡೋಕೆ ಬರಲ್ಲ. ನೀವು ಪಟ್ಟಿಯ ತೂಕ ಓದಿದ್ದರೆ ನಿಮ್ಮದೂ ಅದೇ ಕಥೆ. ಓದಿಲ್ಲ. 1881ರ ರೆಡ್‌ಗ್ರೇವ್ ವಿರುದ್ಧ ಹರ್ಡ್ ಅನ್ನೋ ಇಂಗ್ಲೆಂಡಿನ ಕೇಸಿನಲ್ಲಿ ಹೀಗೇ ಆಯ್ತು. ತನ್ನ ವಕೀಲಿಕೆಯಿಂದ ವರ್ಷಕ್ಕೆ 300ರಿಂದ 400 ಪೌಂಡ್ ಬರುತ್ತೆ ಅಂತ ಹೇಳಿ ಒಬ್ಬ ಹಳೇ ವಕೀಲ ಇನ್ನೊಬ್ಬನಿಗೆ ಮನೆ ಮಾರಲು ಹೊರಟಿದ್ದ. ಕಾಗದಗಳನ್ನು ಮುಂದೆ ಇಟ್ಟಿದ್ದ. ಕೊಳ್ಳುವವನು ಬಿಡಿಸಿ ನೋಡಲಿಲ್ಲ. ನೋಡಬಹುದಿತ್ತು ಅನ್ನೋದು ಸುಳ್ಳು ಹೇಳಿದವನ ರಕ್ಷಣೆಗೆ ಬರಲ್ಲ ಅಂತ ಕೋರ್ಟು ಹೇಳಿತು. ನಮ್ಮಲ್ಲಿ ಆ ಬಾಲ ಇರೋದರಿಂದ ಅಷ್ಟು ಆರಾಮಿಲ್ಲ. ಗೊತ್ತಿದ್ದೂ ಹೇಳಿದ ಸುಳ್ಳು ಅಂತ ನಿಲ್ಲಿಸಿದರೆ ಮಾತ್ರ ಕಂತೆ ನಿಮಗೆ ಅಡ್ಡ ಬರಲ್ಲ. ಹಾಗಾಗಿ ಇಳುವರಿಯನ್ನು ಮುಂದೆ ಇಟ್ಟು ಹೋಗಬೇಡಿ. ಹನ್ನೆರಡು ಗುಂಟೆ ಮುಂದೆ, ಬಾವಿ ಅದರ ಹಿಂದೆ, ಇಳುವರಿ ಕೊನೆಗೆ.

ಇನ್ನು 'ಬತ್ತದೆ'. ನಿಮ್ಮ ಮನೆಯವರು ವಕೀಲರಾಗಬೇಕಿತ್ತು. ಎರಡು ಅರ್ಥದ ಮಾತಿನ ಬಗ್ಗೆ 1884ರ ಸ್ಮಿತ್ ವಿರುದ್ಧ ಚಾಡ್ವಿಕ್ ಕೇಸು ಇದೆ. ಆ ಮಾತನ್ನು ತಾನು ಯಾವ ಅರ್ಥದಲ್ಲಿ ತೆಗೆದುಕೊಂಡೆ ಅನ್ನೋದನ್ನು ಮೋಸಹೋದೆ ಅನ್ನುವವನೇ ತೋರಿಸಬೇಕು. ನಿಮಗದು ಕಷ್ಟ ಆಗಬಾರದು. "ಬತ್ತಲ್ಲ, ಅಲ್ವಾ?" ಅಂತ ಕೇಳಿದ್ದೀರಿ. ತಲೆ ಆಡಿಸಿ 'ಹೂಂ' ಅಂದಿದ್ದಾರೆ. ಆಮೇಲೆ ಬಂದ ಮಾತು ಅದೇ ದಿಕ್ಕಿಗೆ ಹೋಗಬೇಕು ತಾನೆ? ಬತ್ತುತ್ತೆ ಅಂತ ಗೊತ್ತಾದ ಮೇಲೂ 8 ಲಕ್ಷ ಹಾಕಿದೆ ಅಂತ ಯಾರು ನಂಬುತ್ತಾರೆ?

ವಿಡಿಯೋ ಇರುವ ಫೋನನ್ನು ಹಾಗೇ ಇಡಿ. ಕತ್ತರಿಸಬೇಡಿ, ವಾಟ್ಸಾಪಿನಲ್ಲಿ ಕಳಿಸಿದ ಕಾಪಿ ನಂಬಬೇಡಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ ಬೇಕು.

ವಾಟ್ಸಾಪ್ ಇಲ್ಲಿಗೆ ನಿಲ್ಲಿಸಿ. ನಿಜ ಗೊತ್ತಾದ ಮೇಲೂ ಕರಾರು ನಡೆಸುವ ಹಾಗೆ ನಡೆದುಕೊಂಡರೆ, ಒಪ್ಪಿಕೊಂಡಿರಿ ಅಂತಾಗುತ್ತೆ. ಎರಡು ದೋಣಿ ಮೇಲೆ ಕಾಲಿಡಬೇಡಿ. ಮೂರು ಲಕ್ಷ ಕಮ್ಮಿಗೆ ಒತ್ತುವರಿ ತೋಟ ಬೇಕು ಅನಿಸಿದರೆ ಅದನ್ನು ಹೊಸದಾಗಿ ಬರೆಸಿ. ಬೇಡ ಅಂದರೆ ವಕೀಲರ ಕಡೆಯಿಂದ ನೋಟಿಸ್ ಕೊಡಿಸಿ, ತಲುಪಿದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಿ. ನೋಟಿಸಿನಲ್ಲಿ ಸುಮ್ನೆ 'ಮೋಸ ಮಾಡಿದ್ದೀರಿ' ಅಂದರೆ ಸಾಲದು. ಯಾವತ್ತು, ಎಲ್ಲಿ, ಯಾರ ಮುಂದೆ, ಏನು ಮಾತು, ಎಲ್ಲ ಬೇಕು. ದಾವೆಯಲ್ಲೂ ಇದೇ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 6 ರೂಲ್ 4. ರದ್ದತಿಗೆ ದಾವೆ ಹಾಕೋಕೆ ನಿಜ ತಿಳಿದ ದಿನದಿಂದ ಮೂರು ವರ್ಷ ಇದೆ. ಅಷ್ಟು ಕಾಯಬೇಡಿ.

ಅಚ್ಚುಮೊಳೆ:

ಹೋಗಿ ಬಂದೆವು. ನೋಟಿಸ್ ಬರೆಸಿ ಜೇಬಿನಲ್ಲಿಟ್ಟುಕೊಂಡು, ಮೊದಲು ಬಾಯಲ್ಲೇ ಮಾತಾಡೋಣ ಅಂತ ನಾನು, ಭಾಮೈದ ಮತ್ತೆ ಹೋದೆವು. ಯಜಮಾನರು ಜಗುಲಿ ಮೇಲೆ ಕೂತಿದ್ದರು. ಬಾಯಲ್ಲಿ ಕವಳ. "ಉಗಿದು ಬಂದು ಮಾತಾಡಿ ಯಜಮಾನ್ರೆ, ನಾವು ಕಾಯ್ತೀವಿ" ಅಂದೆ. ಭಾಮೈದ ಕೆಮ್ಮಿದ. ಅವರು ನಿಜವಾಗಿಯೂ ಎದ್ದು ಹೋಗಿ ಉಗಿದು, ಬಾಯಿ ತೊಳೆದುಕೊಂಡು ಬಂದರು.

ಆಕಾರಬಂದ್ ಕಾಪಿ ಇಟ್ಟೆ. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಅವರ ಮಗ ಒಳಗಿನಿಂದ ಬಂದು ನೋಡಿ, ಅಪ್ಪನ ಮುಖ ನೋಡಿ, ವಾಪಸ್ ಹೋದ.

ಆಮೇಲೆ ವಿಡಿಯೋ ಹಾಕಿದೆ. ನನ್ನ ಹೆಂಡತಿ ಹೇಳಿದ್ದನ್ನೇ ಅವರೂ ಹೇಳಿದರು, ಅಕ್ಷರ ಬಿಡದೆ. "ಬತ್ತದೆ ಅಂತ ಹೇಳೀನಲ್ಲ. ಬತ್ತಿ ಹೋಗ್ತದೆ ಅಂತ್ಲೇ ಅಂದಿದ್ದು. ನೀವು ತಪ್ಪು ತಿಳ್ಕಂಡ್ರೆ ನಾನೇನ್ ಮಾಡ್ಲಿ?" ನಾನು ಫೋನ್ ಇಸ್ಕೊಂಡು ಸ್ವಲ್ಪ ಮುಂದಕ್ಕೆ ಓಡಿಸಿದೆ. ರಾತ್ರಿ ನಿದ್ದೆ ಬರದೆ ಕೊನೆ ತನಕ ನೋಡಿದ್ದರಿಂದ ಸಿಕ್ಕಿದ್ದು ಅದು. ಹೊರಡುವ ಹೊತ್ತು, ಬಾಳೆಗೊನೆ ಕಟ್ಟುತ್ತಾ, ಕ್ಯಾಮೆರಾ ಕಡೆ ನೋಡಿಕೊಂಡೇ ಹೇಳುತ್ತಾರೆ: "ಬಿರಬಿರನೆ ನಡೀರಿ, ಹೊಸನಗರದ ಬಸ್ಸು ಐದೂವರೆಗೆ ಬತ್ತದೆ."

"ಬಸ್ಸೂ ಬತ್ತಿ ಹೋಗ್ತದಾ ಯಜಮಾನ್ರೆ?" ಅಂತ ಕೇಳಿದೆ.

ಐದು ಲಕ್ಷ ಈ ವಾರ ಬ್ಯಾಂಕಿಗೆ ಹಾಕುತ್ತೇನೆ, ಉಳಿದ ಮೂರು ಮಂಡಿಯಲ್ಲಿ ಅಡಿಕೆ ಬಿಟ್ಟ ಮೇಲೆ ಅಂದಿದ್ದಾರೆ. ರದ್ದತಿ ಕರಾರಿನಲ್ಲಿ ತಾರೀಕು ಹಾಕಿಸಿ ಬರೆಸಲು ಕೊಟ್ಟಿದ್ದೇನೆ, ಸೋಮವಾರ ಸಹಿ. ನೋಟಿಸ್ ಇನ್ನೂ ಜೇಬಿನಲ್ಲೇ ಇದೆ. ವಾಪಸ್ ಬರುವಾಗ ಅದೇ ಐದೂವರೆ ಬಸ್ಸು ಹಿಡಿದೆವು. ಆರಕ್ಕೆ ಬಂತು.